ಬರೆದ ಬಿಸಿಲು

ನನ್ನ ಕಾರಿನ ಗಾಜಿನ ಮಾಡಿಗೆ ಒಳಗಡೆಯಿಂದ ಒಂದು ಪಂಚೆ ಕಟ್ಟಿದ್ದೇನೆ. ಹಸಿರು ಅಂಚಿನ ಪಂಚೆ. ಮೈಸೂರಿನಲ್ಲಿ ಯಾರದೋ ಮದುವೆಗೆ ಹೋದಾಗ ತಾಂಬೂಲದ ಜೊತೆ ಕೊಟ್ಟದ್ದು. ಮಿಶಿಗನ್ನಿನಲ್ಲಿ ಉಡುವ ಸಂದರ್ಭ ಒದಗಿಬರದೆ ಸೂಟ್‌ಕೇಸಿನೊಳಗೇ ಮಡಿಕೆ ಮುರಿಯದೆ ಕುಳಿತಿತ್ತು. ಈಗ ಮೂಲೆಮೂಲೆಗೂ ಕ್ಲಿಪ್ಪು ಸಿಕ್ಕಿಸಿಕೊಂಡು ಕಾರಿನೊಳಗೆ ಬಿಗಿಯಾಗಿ ನಿಂತಿದೆ. ನಾವಿರುವ ಊರು ನೋವೈಯ ಇಂಡಿಯನ್ ಗ್ರೋಸರಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರೆ ಸಾಕು, ಯಾರಾದರೊಬ್ಬರು ಇಣುಕಿ ನೋಡಿ, "ಏನ್ ಸಾರ್, ಒಳಗೆ ಮಂಟಪ ಕಟ್ಟಿದೀರಾ? ಸತ್ಯನಾರಾಯಣ ಪೂಜೆನಾ?" ಎಂದು ಕೇಳುತ್ತಾರೆ. "ಹೂಂ, ಪ್ರಸಾದಕ್ಕೆ ಬಂದ್ಬಿಡಿ" ಎಂದು ನಾನೂ ನಗುತ್ತೇನೆ. ಕೊತ್ತಂಬರಿ ಸೊಪ್ಪು ಕೈಯಲ್ಲಿ ಹಿಡಿದುಕೊಂಡು ಪಾರ್ಕಿಂಗ್ ಲಾಟಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಅದು. ನಿಮಗೆ ಪುರುಸೊತ್ತಿದ್ದರೆ ಇಲ್ಲಿ ಹೇಳುತ್ತೇನೆ.

ಇದರಲ್ಲಿ ತಮಾಷೆ ಏನೆಂದರೆ, ಕಾರುಗಳಿಗೆ ಗಾಜಿನ ಮಾಡು ಮಾಡುವುದೇ ನನ್ನ ಕಸುಬು. ಪ್ಲಿಮತ್ತಿನಲ್ಲಿ ಕಾರು ಕಂಪನಿಗಳಿಗೆ ಬಿಡಿಭಾಗ ಒದಗಿಸುವ ಆಫೀಸೊಂದರಲ್ಲಿ ನಾನು ಇಂಜಿನಿಯರು. ಮೊದಲು ಕಾರಿನ ನೆತ್ತಿಯಲ್ಲಿ ಅಂಗೈಯಗಲದ ಕಿಂಡಿ ಇರುತ್ತಿತ್ತು. ನಾವು ಅದನ್ನು ಹಿಗ್ಗಿಸುತ್ತ ಹಿಗ್ಗಿಸುತ್ತ ಈಗ ಮುಂದಿನ ಗಾಜಿನಿಂದ ಹಿಂದಿನ ಗಾಜಿನವರೆಗೆ ಪೂರ್ತಿ ಆಕಾಶವನ್ನೇ ಕೂರಿಸಿಬಿಟ್ಟಿದ್ದೇವೆ. ಹೊಸ ಮಾದರಿಯಲ್ಲಿ ಎಳೆದು ಮುಚ್ಚುವ ಪರದೆಯೂ ಇಲ್ಲ. ತೂಕ ಇಳಿಸಬೇಕಿತ್ತು. ವಾರೆನ್ನಿನ ದೊಡ್ಡ ಕಾರು ಕಂಪನಿಯವರ ಜೊತೆ ಮೀಟಿಂಗಿನಲ್ಲಿ ಎದ್ದು ನಿಂತು, "ಇಷ್ಟು ಒಳ್ಳೆ ಬಿಸಿಲನ್ನು ಯಾರಾದರೂ ಮುಚ್ಚಿಕೊಳ್ಳುತ್ತಾರೆಯೇ?" ಎಂದು ಇಂಗ್ಲಿಷಿನಲ್ಲಿ ಭಾಷಣ ಬಿಗಿದವನು ನಾನೇ. ಎಲ್ಲರೂ ತಲೆಯಾಡಿಸಿದರು. ಮಿಶಿಗನ್ನಿನ ಚಳಿಗಾಲ ಕಂಡವರು ಬಿಸಿಲಿನ ಪರವಾಗಿ ಏನು ಹೇಳಿದರೂ ತಲೆಯಾಡಿಸುತ್ತಾರೆ.

ನಮ್ಮ ಲ್ಯಾಬಿನಲ್ಲಿ ನಮ್ಮದೇ ಒಬ್ಬ ಸೂರ್ಯನಿದ್ದಾನೆ. ಕಾರೊಂದು ನಿಲ್ಲುವಷ್ಟು ದೊಡ್ಡ ಕೋಣೆ, ಮೇಲೆ ಸಾಲುಸಾಲು ದೀಪ. ಸ್ವಿಚ್ಚು ಹಾಕಿದರೆ ಅರಿಝೋನಾದ ಮಟಮಟ ಮಧ್ಯಾಹ್ನ. ಹೊರಗೆ ಹಿಮ ಬೀಳುತ್ತಿದ್ದರೂ ಒಳಗೆ ಗಾಜು ಕಾಯುತ್ತದೆ, ಅಂಟು ಮೆತ್ತಗಾಗುತ್ತದೆ, ನಾವು ಕಿಟಕಿಯಾಚೆ ನಿಂತು ಕಾಫಿ ಕುಡಿಯುತ್ತ ನೋಡುತ್ತೇವೆ. ಊಟದ ಹೊತ್ತಿಗೆ ನಾನೇ ಸೂರ್ಯಾಸ್ತ ಮಾಡಿ ಕ್ಯಾಂಟೀನಿಗೆ ಹೋಗುತ್ತೇನೆ. ಇದನ್ನು ಹಬ್ಬದ ಊಟಗಳಲ್ಲಿ ಹೇಳಿಕೊಂಡು ಮೆರೆಯುತ್ತಿದ್ದೆ. ನನ್ನ ಹೆಂಡತಿ ವಿದ್ಯಾ, "ಸೂರ್ಯನ್ನ ಆರಿಸೋರು ಮನೇಲಿ ಬಚ್ಚಲು ಲೈಟ್ ಮಾತ್ರ ಆರ್ಸಲ್ಲ" ಎಂದು ಎಲ್ಲರೆದುರು ಮಾನ ತೆಗೆಯುತ್ತಿದ್ದಳು.

ಬಿಸಿಲಿನ ಮೇಲೆ ನನಗೆ ಈ ಪರಿಯ ಭಕ್ತಿ ಬರಲು ಮೈಸೂರಿನ ನಮ್ಮ ಮನೆಯ ತಾರಸಿ ಕಾರಣ. ಭಾನುವಾರ ಎಣ್ಣೆ ಹಚ್ಚಿ, ಸೀಗೆಪುಡಿಯಲ್ಲಿ ಕಣ್ಣುರಿಯುವಂತೆ ತಲೆ ತಿಕ್ಕಿ, ನಮ್ಮನ್ನೆಲ್ಲ ಅಜ್ಜಿ ತಾರಸಿಗೆ ಅಟ್ಟುತ್ತಿದ್ದರು. ಅಲ್ಲಿ ಮೊದಲೇ ಸಂಡಿಗೆ, ಮೆಣಸಿನಕಾಯಿ, ಹಾಸಿಗೆ, ದಿಂಬು ಎಲ್ಲವೂ ಮೈ ಕಾಯಿಸಿಕೊಳ್ಳುತ್ತಿದ್ದವು. ನಾವೂ ಅವುಗಳ ಪಕ್ಕದಲ್ಲಿ ಒಣಗುತ್ತಿದ್ದೆವು. ಕಾಗೆ ಓಡಿಸುವುದು ನಮ್ಮ ಕೆಲಸ, ಅರ್ಧ ಒಣಗಿದ ಸಂಡಿಗೆ ಕದ್ದು ತಿನ್ನುವುದು ನಮ್ಮ ಸಂಬಳ. ಅಜ್ಜಿಗೆ ಬಿಸಿಲು ಒಂದೇ ಅಲ್ಲ. ಎಳೆಬಿಸಿಲು ಕೂಸಿಗೆ, ಚುರುಕು ಬಿಸಿಲು ಹಪ್ಪಳಕ್ಕೆ, ಇಳಿಬಿಸಿಲು ಹರಟೆಗೆ. ಯಾರಿಗೆ ಏನೇ ಕಾಯಿಲೆ ಬಂದರೂ ಅವರು ಕೊಡುತ್ತಿದ್ದ ಮೊದಲ ಮದ್ದು, "ಸ್ವಲ್ಪ ಹೊತ್ತು ಬಿಸಿಲಲ್ಲಿ ಕೂತ್ಕೋ ಹೋಗು."

ಅಮೆರಿಕಕ್ಕೆ ಬಂದ ನಾವೆಲ್ಲ ಆ ಮದ್ದನ್ನು ಜೊತೆಗೆ ತಂದಿದ್ದೇವೆ. ಇಲ್ಲಿ ಅದಕ್ಕೆ ವಿಟಮಿನ್ ಡಿ ಎಂದು ಹೆಸರು. ನೋವೈಯ ಕನ್ನಡಿಗರು ಇಬ್ಬರು ಸೇರಿದರೆ ಮೊದಲು ಹವಾಮಾನ, ಆಮೇಲೆ ವಿಟಮಿನ್ ಡಿ. "ನಂದು ಹನ್ನೆರಡು ಇತ್ತು ಕಣ್ರೀ", "ಅಯ್ಯೋ ನಂದು ಒಂಬತ್ತು" ಎಂದು ಪರೀಕ್ಷೆಯ ಮಾರ್ಕ್ಸಿನಂತೆ ಹೇಳಿಕೊಳ್ಳುತ್ತಾರೆ. ಹಾಗಾಗಿ ನನ್ನ ಮಗಳು ಇಂಚರ ಹತ್ತನೇ ಕ್ಲಾಸಿನ ವರ್ಷ ಸುಸ್ತು ಸುಸ್ತು ಎಂದು ಮಲಗತೊಡಗಿದಾಗ, ಬೆರಳ ಕೀಲು ನೋಯುತ್ತದೆ ಎಂದಾಗ, ಇಡೀ ಊರು ಒಂದೇ ಸ್ವರದಲ್ಲಿ ಮಾತಾಡಿತು. ದೇವಸ್ಥಾನದಲ್ಲಿ ಸಿಕ್ಕ ಸುಮಿತ್ರಾ ಆಂಟಿ ಅವಳ ಗಲ್ಲ ಹಿಡಿದು ನೋಡಿ ತೀರ್ಪನ್ನೇ ಕೊಟ್ಟರು. "ಮಗೂಗೆ ಬಿಸಿಲು ಸಾಲ್ದು ಕಣಪ್ಪ. ಫೋನ್ ಕಿತ್ಕೊಂಡು ಬ್ಯಾಕ್‌ಯಾರ್ಡಿಗೆ ಕಳ್ಸು. ದಿನಾ ಅರ್ಧ ಗಂಟೆ ಕೂರ್ಲಿ." ಆ ವಸಂತದಲ್ಲಿ ಅವಳು ಹಿತ್ತಲಿನ ಮರದ ಡೆಕ್ಕಿನ ಮೇಲೆ ಕುರ್ಚಿ ಹಾಕಿಕೊಂಡು ವಿಧೇಯಳಾಗಿ ಕುಳಿತಳು. ಮುಖ ಕೆಂಪಾದಾಗ, "ನೋಡಿ, ಬಣ್ಣ ಬಂತು" ಎಂದು ಆಂಟಿ ಖುಷಿಪಟ್ಟರು.

ಬಣ್ಣವಲ್ಲ, ಲೂಪಸ್. ಹೊರಗಿನ ರೋಗದ ಮೇಲೆ ಕಾದಾಡಬೇಕಾದ ಮೈಯ ಕಾವಲು ಪಡೆ ತನ್ನ ಮೈಯ ಮೇಲೆಯೇ ತಿರುಗಿಬೀಳುವ ಕಾಯಿಲೆ. ಮಾತ್ರೆಯ ಮಾತು ಕೇಳುತ್ತದೆ, ಆದರೆ ಬಿಟ್ಟು ಹೋಗುವುದಿಲ್ಲ. ಕೆಲವರಿಗೆ ಬಿಸಿಲು ತಾಕಿದರೆ ಕೆರಳುತ್ತದೆ. ಇಂಚರ ಆ ಕೆಲವರಲ್ಲಿ ಒಬ್ಬಳು. ಡಾಕ್ಟರು ಒಳ್ಳೆಯ ಹೆಂಗಸು, ನಿಧಾನವಾಗಿ ವಿವರಿಸಿದರು. ಉದ್ದ ತೋಳಿನ ಬಟ್ಟೆ, ಅಗಲ ಅಂಚಿನ ಹ್ಯಾಟು, ಕ್ರೀಮು. ಇವಿಷ್ಟಿದ್ದರೆ ಸ್ಕೂಲು, ಸ್ನೇಹಿತರು, ಓಡಾಟ ಯಾವುದಕ್ಕೂ ಅಡ್ಡಿಯಿಲ್ಲ ಎಂದರು. ನಾನು ತಲೆಯಾಡಿಸುತ್ತ ಕೇಳಿಸಿಕೊಂಡೆ. ಹೊರಗೆ ಬಂದು ಪಾರ್ಕಿಂಗಿನಲ್ಲಿ ನಿಂತಿದ್ದ ನನ್ನ ಕಾರನ್ನು, ಅದರ ತಲೆಯ ಮೇಲೆ ಹೊಳೆಯುತ್ತಿದ್ದ ನನ್ನದೇ ಗಾಜನ್ನು ನೋಡಿ ನನಗೆ ನಗು ಬಂತು. ಒಳ್ಳೆಯ ನಗುವಲ್ಲ.

ಆ ಗಾಜು ಕೆಟ್ಟ ಕಿರಣಗಳನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತದೆ. ನನಗೆ ಗೊತ್ತು, ಟೆಸ್ಟ್ ಮಾಡಿದವನೇ ನಾನು. ಆದರೆ ಟೆಸ್ಟ್ ಮಾಡಿದವನು ಇಂಜಿನಿಯರು, ಪಂಚೆ ಕಟ್ಟಿದವನು ಅಪ್ಪ. ಇಬ್ಬರಿಗೂ ಅಷ್ಟಾಗಿ ಮಾತುಕತೆಯಿಲ್ಲ.

ಹ್ಯಾಟು ಬಂತು, ಕ್ರೀಮು ಬಂತು, ಬೆರಳ ತುದಿ ಮುಚ್ಚುವ ತೋಳಿನ ಅಂಗಿಗಳು ಬಂದವು. ಅವಳು ಯಾವುದನ್ನೂ ಹೆಚ್ಚು ದಿನ ಹಾಕಿಕೊಳ್ಳಲಿಲ್ಲ. ಹೊರಗೆ ಹೋದರೆ ತಾನೇ ಹಾಕಿಕೊಳ್ಳುವುದು? ಒಂದು ದಿನ ಸ್ಕೂಲಿನಿಂದ ಬಂದವಳು ಕಿಟಕಿಗಳ ಬ್ಲೈಂಡ್ಸ್ ಇಳಿಸಿ, ಇನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ಓದುತ್ತೇನೆ ಎಂದಳು. ಊಟದ ಕ್ಯಾಂಟೀನಿನಲ್ಲಿ ಯಾರೋ ಅವಳ ಹ್ಯಾಟನ್ನು ನೋಡಿ ಏನೋ ಅಂದಿದ್ದರಂತೆ. ಏನೆಂದು ಇವತ್ತಿಗೂ ಹೇಳಿಲ್ಲ. ಹನ್ನೊಂದನೇ ಕ್ಲಾಸು ಹಾಗೇ ಕಳೆಯಿತು. ಕೋಣೆ, ಲ್ಯಾಪ್‌ಟಾಪು, ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿ ಪರೀಕ್ಷೆಗೆ ರಕ್ತ ಕೊಡುವುದು. ಸ್ನೇಹಿತೆಯರು ಮೊದಲು ಬಂದರು, ಆಮೇಲೆ ಮೆಸೇಜ್ ಕಳಿಸಿದರು, ಆಮೇಲೆ ಅದೂ ಇಲ್ಲ. ಸೆಪ್ಟೆಂಬರಿಗೆ ಕೊನೆಯ ವರ್ಷ. ಸ್ಕೂಲಿನವರು ಬರುತ್ತೀಯೋ ಇಲ್ಲವೋ ಹೇಳು ಎಂದು ಕೇಳಿದ್ದರು, ಅವಳು ಉತ್ತರ ಕೊಟ್ಟಿರಲಿಲ್ಲ. ಈ ಸಲ ಒಳಗೆ ಉಳಿದರೆ ಈ ಹುಡುಗಿ ಹೊರಗೆ ಬರುವುದನ್ನೇ ಮರೆಯುತ್ತಾಳೆ ಎಂಬ ಭಯ ನನಗೂ ವಿದ್ಯಾಳಿಗೂ ಇತ್ತು. ನಾನಂತೂ ದಿನಾ ಅವಳ ಬಾಗಿಲ ಬಳಿ ನಿಂತು, "ಎಲ್ಲಾ ಸರಿಹೋಗುತ್ತೆ ಪುಟ್ಟಿ" ಎನ್ನುತ್ತಿದ್ದೆ. ಅವಳು ಒಂದು ಸಲವೂ ಹೂಂ ಎನ್ನಲಿಲ್ಲ.

ಇಂಥ ದಿನಗಳಲ್ಲಿ ಒಂದು ಭಾನುವಾರ ಬೆಳಿಗ್ಗೆ ಅವಳ ಕೋಣೆಯಿಂದ ಯಾರೋ ಜಪಾನಿ ಭಾಷೆಯಲ್ಲಿ ಕಿರುಚುವುದು ಕೇಳಿಸಿತು. ದೋಸೆ ಹಿಡಿದುಕೊಂಡು ಒಳಗೆ ಹೋದೆ. ಲ್ಯಾಪ್‌ಟಾಪಿನ ಪರದೆಯ ತುಂಬ ರಕ್ತ.

"ಏನಮ್ಮಾ ಇದು, ಬೆಳಿಗ್ಗೆ ಬೆಳಿಗ್ಗೆ?"

"ವ್ಯಾಂಪೈರ್ ಮೂವಿ ಅಪ್ಪ. ಥ್ರೀ ಪಾರ್ಟ್ಸ್."

"ಕಾರ್ಟೂನಾ?"

"ಇಟ್ಸ್ ನಾಟ್ ಅ ಕಾರ್ಟೂನ್." ತಟ್ಟೆಯನ್ನು ತೆಗೆದುಕೊಂಡ ರೀತಿಯಲ್ಲೇ ನನ್ನ ಯೋಗ್ಯತೆ ಎಷ್ಟೆಂದು ತಿಳಿಯಿತು.

ಚಿತ್ರದ ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಒಗ್ಗಿಲ್ಲ, ಬಿಟ್ಟುಬಿಡಿ. ಕತೆ ಇಷ್ಟು. ಸ್ಕೂಲಿಗೆ ಹೋಗುವ ಒಬ್ಬ ಹುಡುಗ. ಸಾಯುತ್ತ ಬಿದ್ದಿರುವ ರಕ್ತಪಿಶಾಚಿಯೊಬ್ಬಳನ್ನು ಕಂಡು ಓಡಿಹೋಗುತ್ತಾನೆ, ಆಮೇಲೆ ಅವಳ ಅಳು ಕೇಳಲಾರದೆ ಹಿಂದಿರುಗಿ ಬಂದು ಕುತ್ತಿಗೆ ಒಡ್ಡುತ್ತಾನೆ. ಎಚ್ಚರವಾದಾಗ ತಾನೂ ಅದೇ ಜಾತಿ. ಮತ್ತೆ ಮನುಷ್ಯನಾಗಲು ಅವನು ಪಡುವ ಪಾಡೇ ಮೂರು ಭಾಗ. ನನಗೆ ಗೊತ್ತಿದ್ದ ದೆವ್ವಗಳು ಬಹಳ ಸಭ್ಯರು. ಹುಣಿಸೆಮರದ ಮೇಲೆ ಇರುತ್ತಿದ್ದವು, ಪಾದ ಹಿಂದುಮುಂದು, ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದರೆ ಓದಿಕೊಂಡು ವಾಪಸು ಹೋಗುತ್ತಿದ್ದವು. ಅಕ್ಷರ ಬಲ್ಲ ದೆವ್ವಗಳು. ಈ ಜಪಾನಿನವುಗಳ ಸಿಟ್ಟು, ವೇಗ, ದುಃಖ ಬೇರೆಯೇ.

ದೋಸೆ ಆರಿತು. ಅವಳು ಚಿತ್ರವನ್ನು ನಿಲ್ಲಿಸಿ ಒಂದು ಫ್ರೇಮು ತೋರಿಸಿದಳು. ಯಾರೂ ಇಲ್ಲದ ರೈಲ್ವೆ ನಿಲ್ದಾಣ. ಕಂಬಗಳು, ನೆಲದ ಟೈಲ್ಸು, ಟೈಲ್ಸಿನ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ. "ಲುಕ್ ಅಟ್ ದ ಲೈಟ್, ಅಪ್ಪ. ಸಂಬಡಿ ಡ್ರೂ ದಟ್." ನಾನು ಬಗ್ಗಿ ನೋಡಿದೆ. ಹೊಳಪು ಎಲ್ಲಿ ಮುರಿಯಬೇಕೋ ಅಲ್ಲಿ ಮುರಿದಿತ್ತು, ಎಲ್ಲಿ ತೆಳುವಾಗಬೇಕೋ ಅಲ್ಲಿ ತೆಳುವಾಗಿತ್ತು. ಗಾಜಿನ ಮೇಲೆ ಬೆಳಕು ಹೇಗೆ ಓಡುತ್ತದೆ ಎಂದು ನೋಡುವುದೇ ನನ್ನ ಹೊಟ್ಟೆಪಾಡು. ನಾವು ಅದಕ್ಕೆ ಕಂಪ್ಯೂಟರು, ದೀಪದ ಕೋಣೆ, ಮೀಟಿಂಗಿನ ಮೇಲೆ ಮೀಟಿಂಗು ಖರ್ಚು ಮಾಡುತ್ತೇವೆ. ಇಲ್ಲಿ ಯಾರೋ ಪುಣ್ಯಾತ್ಮರು ಕುಳಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುವ ಒಂದು ಚಿತ್ರಕ್ಕೆ ಇಷ್ಟು ಬೆಳಕು ಬರೆದಿದ್ದಾರೆ. ಯಾರೂ ನಿಲ್ಲಿಸಿ ನೋಡುವುದಿಲ್ಲ ಎಂದು ಗೊತ್ತಿದ್ದೂ ಬರೆದಿದ್ದಾರೆ. ನನಗೆ ಮೈ ಜುಮ್ಮೆಂದಿತು. ಅಂದಿನಿಂದ ಭಾನುವಾರದ ದೋಸೆ ಅವಳ ಕೋಣೆಯಲ್ಲೇ ಆಯಿತು. ಒಂದು ಫ್ರೇಮು ನಿಲ್ಲಿಸಿ, ಇಬ್ಬರೂ ಬೆಳಕಿನ ಬಗ್ಗೆ ಮಾತಾಡುವುದು. ಬಹಳ ದಿನಗಳ ಮೇಲೆ ನಮ್ಮಿಬ್ಬರ ನಡುವೆ ಕಾಯಿಲೆಯಲ್ಲದ ಒಂದು ಮಾತು ಸಿಕ್ಕಿತ್ತು. ಆದರೆ ಕತೆಯ ಕೊನೆಯನ್ನು ಮಾತ್ರ ಅವಳು ತೋರಿಸಲಿಲ್ಲ. ಅದನ್ನು ದೊಡ್ಡ ಪರದೆಯ ಮೇಲೆ ನೋಡಬೇಕಂತೆ.

ಜುಲೈನಲ್ಲಿ ಆ ದೊಡ್ಡ ಪರದೆ ಷಿಕಾಗೋದಲ್ಲಿ ಸಿಕ್ಕಿತು. ಹಳೆಯ ಥಿಯೇಟರೊಂದರಲ್ಲಿ ಮೂರೂ ಭಾಗವನ್ನು ಒಂದೇ ಮಧ್ಯಾಹ್ನ ತೋರಿಸುತ್ತಾರಂತೆ. ಅವಳು ಅದನ್ನು ಊಟದ ಮೇಜಿನ ಮೇಲೆ, ಯಾರನ್ನೂ ಕೇಳದವಳ ಹಾಗೆ ಹೇಳಿದಳು. ನಾನು ಅನ್ನ ಕಲಸುವುದನ್ನು ನಿಲ್ಲಿಸಿದೆ. ವಿದ್ಯಾ ನನ್ನ ಕಾಲು ತುಳಿದಳು.

"ಹೋಗೋಣ" ಎಂದೆ.

"ಇಟ್ಸ್ ಫೋರ್ ಅಂಡ್ ಅ ಹಾಫ್ ಅವರ್ಸ್ ಬೈ ಕಾರ್. ಡೇಟೈಮ್."

"ಹೋಗೋಣ ಅಂದ್ನಲ್ಲ."

ಪಂಚೆ ಸೂಟ್‌ಕೇಸಿನಿಂದ ಹೊರಬಿದ್ದದ್ದು ಆಗ. ವಿದ್ಯಾ ಕ್ಲಿಪ್ಪು ಹಿಡಿದಳು, ನಾನು ಎಳೆದು ಕಟ್ಟಿದೆ. "ನಾನು ಬರಲ್ಲ ರೀ. ರಕ್ತ ಕುಡಿಯೋದು ನೋಡಕ್ಕೆ ಅಷ್ಟು ದೂರ ಯಾಕೆ, ಲ್ಯಾಬಿನ ಬಿಲ್ ನೋಡಿದ್ರೆ ಸಾಕು" ಎಂದು ಅವಳು ಪುಳಿಯೋಗರೆ ಕಟ್ಟಿಕೊಟ್ಟಳು. ತಂದೆ ಮಗಳನ್ನೇ ಕಳಿಸಬೇಕು ಎಂದು ಅವಳು ಮೊದಲೇ ನಿರ್ಧರಿಸಿದ್ದಳು, ನನಗೆ ಗೊತ್ತಾಯಿತು.

ಬೆಳಿಗ್ಗೆ ಹೊರಟರೆ ಸೂರ್ಯ ಬೆನ್ನ ಹಿಂದೆ. ನಾನು ಅದನ್ನೂ ಲೆಕ್ಕ ಹಾಕಿದ್ದೆ. ಇಂಚರ ಹಿಂದಿನ ಸೀಟಿನಲ್ಲಿ, ಹ್ಯಾಟು ಮಡಿಲಲ್ಲಿ, ತೋಳು ಬೆರಳವರೆಗೆ ಎಳೆದುಕೊಂಡು ಕುಳಿತಿದ್ದಳು. ಪಂಚೆಯ ಮೂಲಕ ಬಂದ ಬೆಳಕು ಕಾರಿನೊಳಗೆ ಹಾಲಿನ ಬಣ್ಣಕ್ಕೆ ತಿರುಗಿತ್ತು. ಆನ್ ಆರ್ಬರ್ ದಾಟಿದೆವು, ಜಾಕ್ಸನ್ ದಾಟಿದೆವು. ಒಂದು ರೆಸ್ಟ್ ಏರಿಯಾದಲ್ಲಿ ನಾನು ಪುಳಿಯೋಗರೆ ಡಬ್ಬಿ ಹಿಡಿದು ಮರದ ಕೆಳಗಿನ ಬೆಂಚು ತೋರಿಸಿದೆ. ಅವಳು ಬೇಡವೆಂದು ತಲೆಯಲ್ಲಾಡಿಸಿದಳು. ಕಾರಿನೊಳಗೇ ತಿಂದೆವು. ಆಚೆ ಬಯಲಿನ ಇನ್ನೊಂದು ಬೆಂಚಿನ ಮೇಲೆ ಅವಳ ವಯಸ್ಸಿನ ಹುಡುಗಿಯರು ಕಾಲು ಚಾಚಿ, ಮುಖವನ್ನು ಬಿಸಿಲಿಗೆ ಒಡ್ಡಿ ಕುಳಿತಿದ್ದರು. ಅವಳು ಅವರನ್ನೇ ನೋಡುತ್ತ ಒಂದೊಂದೇ ಕಡಲೆಬೀಜ ಆರಿಸಿ ತಿಂದಳು.

ಥಿಯೇಟರಿನ ಬಾಗಿಲಿಗೇ ಕಾರು ತಂದು ಅವಳನ್ನು ಇಳಿಸಿದೆ. ನಾನು ಅವಳನ್ನು ಎಲ್ಲಿಗೆ ಕರೆದೊಯ್ದರೂ ಹಾಗೆಯೇ, ಅವಳ ಚಪ್ಪಲಿಯ ತುದಿ ನೆರಳಿನಲ್ಲೇ ಇಳಿಯಬೇಕು. ಆಮೇಲೆ ಬೀದಿ ಬೀದಿ ಸುತ್ತಿ, ದೂರದಲ್ಲೊಂದು ಜಾಗ ಹುಡುಕಿ, ಕಾರು ನಿಲ್ಲಿಸಿ ಬೆವರುತ್ತ ಬಂದೆ. ಒಳಗೆ ಬಣ್ಣಬಣ್ಣದ ಕೂದಲಿನ ಹುಡುಗ ಹುಡುಗಿಯರು. ಹಣೆಯಲ್ಲಿ ಗಂಧ, ಕೈಯಲ್ಲಿ ಪುಳಿಯೋಗರೆ ವಾಸನೆ ಹೊತ್ತ ಅಪ್ಪ ನಾನೊಬ್ಬನೇ.

ಮೊದಲ ಭಾಗದಲ್ಲಿ ಒಂದು ಕಡೆ, ತಾನು ಏನಾಗಿದ್ದೇನೆಂದು ಇನ್ನೂ ತಿಳಿಯದ ಆ ಹುಡುಗ ಬಿಸಿಲಿಗೆ ಬಂದುಬಿಡುತ್ತಾನೆ. ಮೈ ಹೊತ್ತಿಕೊಳ್ಳುತ್ತದೆ. ಲ್ಯಾಪ್‌ಟಾಪಿನ ಕಿರುಪರದೆಯಲ್ಲಿ ನೋಡಿದ್ದೆನಾದರೂ ಇಲ್ಲಿ ಅದು ನನ್ನ ಎದೆಗೇ ಹೊಡೆಯಿತು. ಗೋಡೆಯಿಂದ ಗೋಡೆಗೆ ಸೂರ್ಯ, ನಡುವೆ ಉರಿಯುತ್ತ ಓಡುವ ಒಬ್ಬ ಹುಡುಗ. ಇವಳಿಗೆ ಇದನ್ನು ತೋರಿಸಲು ಇಷ್ಟು ದೂರ ಬಂದೆನಲ್ಲ ಎನ್ನಿಸಿತು. ಎದ್ದುಬಿಡೋಣ ಎಂದು ಅವಳ ಕಡೆ ತಿರುಗಿದೆ.

ಅವಳು ಹ್ಯಾಟು ತೆಗೆದಿಟ್ಟಿದ್ದಳು. ತಂಪು ಕನ್ನಡಕ ತೆಗೆದಿದ್ದಳು. ಅಂಗಿಯ ತೋಳನ್ನು ಮೊಣಕೈಯ ಮೇಲಕ್ಕೆ ಏರಿಸಿಕೊಂಡು, ಮುಖ ಎತ್ತಿ ಕುಳಿತಿದ್ದಳು. ಪರದೆಯ ಮೇಲಿನ ಆ ಬಿಸಿಲು ಪೂರ್ತಿಯಾಗಿ ಅವಳ ಹಣೆ, ಕೆನ್ನೆ, ಬರಿಯ ಕೈಗಳ ಮೇಲೆ ಸುರಿಯುತ್ತಿತ್ತು. ಅವಳು ಕಣ್ಣು ಮುಚ್ಚಲಿಲ್ಲ. ಸುಡದ ಬಿಸಿಲು ಅದು, ಯಾರೋ ಬರೆದ ಬಿಸಿಲು. ಜಪಾನಿನಲ್ಲಿ ಯಾವುದೋ ಮೇಜಿನ ಮುಂದೆ ಬೆನ್ನು ಬಗ್ಗಿಸಿ ಕುಳಿತ ಯಾರೋ ನನ್ನ ಮಗಳಿಗೆ ಅದನ್ನು ಕೊಟ್ಟಿದ್ದರು. ನಾನು ಇಷ್ಟು ವರ್ಷ ಗಾಜು ಹಿಗ್ಗಿಸಿದ್ದು, ಸ್ವಿಚ್ಚು ಹಾಕಿ ಸೂರ್ಯನನ್ನು ಹುಟ್ಟಿಸಿದ್ದು ಎಲ್ಲವೂ ಅದರ ಮುಂದೆ ಏನೂ ಅಲ್ಲ ಅನ್ನಿಸಿತು. ಅದನ್ನು ಬರೆದ ಕೈಗಳಿಗೆ ಕತ್ತಲಲ್ಲೇ ನಮಸ್ಕಾರ ಮಾಡಿದೆ. ಉತ್ಪ್ರೇಕ್ಷೆಯಲ್ಲ, ನಿಜವಾಗಿ ಕೈ ಮುಗಿದೆ. ಪಕ್ಕದ ನೀಲಿ ಕೂದಲಿನ ಹುಡುಗ ಸ್ವಲ್ಪ ಆಚೆ ಸರಿದು ಕುಳಿತ.

ಎರಡನೆಯ ಭಾಗ ಮುಗಿದು ಬಿಡುವು ಬಿಟ್ಟಾಗ ನನಗೆ ತಡೆಯಲಾಗಲಿಲ್ಲ. "ನೋಡ್ತಿರು ಪುಟ್ಟಿ, ಕೊನೇ ಭಾಗದಲ್ಲಿ ಅವನು ಮತ್ತೆ ಮನುಷ್ಯ ಆಗೇ ಆಗ್ತಾನೆ" ಎಂದೆ. ಅವಳು ಕೊನೆಯನ್ನು ಎಷ್ಟೋ ಸಲ ನೋಡಿದವಳು. ನನ್ನನ್ನು ಕರುಣೆಯಿಂದ ನೋಡಿ ಪಾಪ್‌ಕಾರ್ನ್ ಮುಂದೆ ಚಾಚಿದಳು.

ಆಗುವುದಿಲ್ಲ. ಅಷ್ಟು ಹೊಡೆದಾಡಿ, ಅಷ್ಟು ಅತ್ತು, ಆ ಹುಡುಗ ಪೂರ್ತಿ ಮನುಷ್ಯನೂ ಆಗುವುದಿಲ್ಲ, ಪೂರ್ತಿ ಪಿಶಾಚಿಯಾಗಿಯೂ ಉಳಿಯುವುದಿಲ್ಲ. ಯಾರಿಗೂ ಬೇಕಾದದ್ದು ಸಿಗುವುದಿಲ್ಲ. ಇದ್ದಷ್ಟನ್ನು ಹಂಚಿಕೊಂಡು ಬದುಕುತ್ತಾರೆ. ದೀಪ ಹತ್ತಿದಾಗ ನನಗೆ ಸಿಟ್ಟೇ ಬಂದಿತ್ತು.

"ಏನಿದು? ಮೂರು ಭಾಗ ತೆಗೆದು ಹುಡುಗನ್ನ ಸರಿ ಮಾಡದೆ ಬಿಟ್ಬಿಟ್ರಲ್ಲ!"

"ಅಪ್ಪ, ಹೀ ಈಸ್ ಓಕೆ."

"ಎಲ್ಲಿ ಓಕೆ? ಅರ್ಧಂಬರ್ಧ!"

"ಹಾಫ್ ಈಸ್ ಓಕೆ. ಹೀ ಗೋಸ್ ಬ್ಯಾಕ್ ಟು ಸ್ಕೂಲ್."

ಲಾಬಿಯ ಗಾಜಿನ ಬಾಗಿಲಿನವರೆಗೆ ಬಂದೆವು. ಸಂಜೆ ಐದಾಗಿದ್ದರೂ ಷಿಕಾಗೋದ ಜುಲೈ ಸೂರ್ಯ ಇನ್ನೂ ಎತ್ತರದಲ್ಲೇ ಇದ್ದ. ಬೀದಿ ತುಂಬ ಬಿಸಿಲು. "ಇಲ್ಲೇ ಇರು, ಕಾರು ಬಾಗಿಲಿಗೆ ತರ್ತೀನಿ" ಎಂದು ಕೀಲಿಗೆ ಕೈ ಹಾಕಿದೆ.

"ಬೇಡ ಅಪ್ಪ." ಕನ್ನಡದಲ್ಲಿ ಹೇಳಿದಳು. ಅವಳು ಕನ್ನಡಕ್ಕೆ ಬಂದರೆ ವಿಷಯ ಗಂಭೀರ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. "ನಡ್ಕೊಂಡು ಹೋಗೋಣ."

"ದೂರ ಇದೆ ಪುಟ್ಟಿ. ಬಿಸಿಲು ನೋಡು. ಸ್ವಲ್ಪ ದಿನ ತಡಿ, ಎಲ್ಲಾ ಸರಿ..."

"ಅದು ಹೇಳ್ಬೇಡ." ತೋಳು ಕೆಳಗೆ ಎಳೆದುಕೊಂಡಳು. ಗುಂಡಿ ಹಾಕಿದಳು. "ನೀನು ಹಾಗೆ ಹೇಳ್ದಾಗೆಲ್ಲ ನಾನು ಕಾಯ್ತೀನಿ. ಸರಿಹೋದ್ಮೇಲೆ ಹೊರಗೆ ಹೋಗೋಣ ಅಂತ ಕಾಯ್ತಾನೇ ಇದೀನಿ. ಇದು ಹೀಗೇ ಇರುತ್ತೆ ಅಂತ ಹೇಳು ಅಪ್ಪ. ಒಂದ್ಸಲ. ಪ್ಲೀಸ್."

ಬಾಗಿಲಲ್ಲಿ ಜನ ನಮ್ಮನ್ನು ಸುತ್ತಿಕೊಂಡು ಹೋಗುತ್ತಿದ್ದರು. ಡಾಕ್ಟರು ಹೇಳಿದ್ದನ್ನು ನಾನು ತಲೆಯಾಡಿಸಿ ಕೇಳಿದ್ದೆನೇ ಹೊರತು ಒಂದು ದಿನವೂ ನನ್ನ ಬಾಯಲ್ಲಿ ಆಡಿರಲಿಲ್ಲ. ಆಡಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಅವಳು ಕಾಯುತ್ತ ನಿಂತಿದ್ದಳು.

"ಇದು ಹೀಗೇ ಇರುತ್ತೆ ಪುಟ್ಟಿ" ಎಂದೆ.

"ಓಕೆ" ಎಂದಳು. ಅಷ್ಟೇ. ಕನ್ನಡಕ ಏರಿಸಿ, ಹ್ಯಾಟು ಇಟ್ಟು, ಬಾಗಿಲು ತಳ್ಳಿ ನನಗಿಂತ ಮೊದಲು ಬಿಸಿಲಿಗೆ ಇಳಿದಳು. ಜನರ ನಡುವೆ ಆ ದೊಡ್ಡ ಹ್ಯಾಟು ಬಳುಕುತ್ತ ಎಡಕ್ಕೆ ತಿರುಗಿ ಹೊರಟಿತು. ಒಬ್ಬಿಬ್ಬರು ತಿರುಗಿ ನೋಡಿದರು. ಅವಳು ನೋಡಲಿಲ್ಲ.

ಕಾರು ಇದ್ದದ್ದು ಬಲಕ್ಕೆ. ಕರೆಯಲು ಬಾಯಿ ತೆರೆದೆ. ಆಮೇಲೆ ಮುಚ್ಚಿಕೊಂಡು, ಆ ಬೀದಿಯ ಕೊನೆಯವರೆಗೂ ಅವಳ ಹಿಂದೆಯೇ ನಡೆದೆ.